ಏಳು ಸೆಕೆಂಡಿನ ಡ್ರಮ್ಮು, ಅರ್ಧ ಶತಮಾನದ ಬಾಕಿ

ಇವತ್ತು ರಾಜಕೀಯ ಬೇಡ. ಒಂದು ಡ್ರಮ್ಮಿನ ಕಥೆ ಹೇಳ್ತೀನಿ. ಕಥೆ ಹಾಡಿನದ್ದು, ಆದರೆ ಪ್ರಶ್ನೆ ಕೂಲಿಯದ್ದು.

1969ನೇ ಇಸವಿ. ಅಮೆರಿಕದ ವಾಷಿಂಗ್ಟನ್ನಿನ ‘ದಿ ವಿನ್‌ಸ್ಟನ್ಸ್’ ಅನ್ನೋ ಬ್ಯಾಂಡ್ ಒಂದು ರೆಕಾರ್ಡ್ ಹೊರತಂದಿತು. ಮುಂಬದಿಯಲ್ಲಿ ‘ಕಲರ್ ಹಿಮ್ ಫಾದರ್’. ಹಾಡು ಹಿಟ್ ಆಯ್ತು, ಅದನ್ನು ಬರೆದ ರಿಚರ್ಡ್ ಸ್ಪೆನ್ಸರ್‌ಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಹಿಂಬದಿ ಖಾಲಿ ಬಿಡೋಕಾಗಲ್ಲವಲ್ಲ? ಅಲ್ಲಿ ‘ಅಮೆನ್, ಬ್ರದರ್’ ಅನ್ನೋ ವಾದ್ಯಸಂಗೀತ. ಅದರ ಮಧ್ಯೆ ಒಂದು ಕಡೆ ಉಳಿದ ವಾದ್ಯಗಳೆಲ್ಲ ಸುಮ್ಮನಾಗುತ್ತವೆ. ಡ್ರಮ್ಮರ್ ಗ್ರೆಗರಿ ಕೋಲ್ಮನ್ ಒಬ್ಬರೇ ಬಾರಿಸ್ತಾರೆ. ಎಷ್ಟು ಹೊತ್ತು? ಬರೀ 7 ಸೆಕೆಂಡ್. ಮರುವರ್ಷ ಬ್ಯಾಂಡೇ ಒಡೆದು ಹೋಯ್ತು. ಕಥೆ ಮುಗೀತು ಅಂದ್ಕೊಂಡ್ರಾ? ಶುರುವಾಗಿದ್ದೇ ಆಮೇಲೆ.

1980ರ ದಶಕದಲ್ಲಿ ಸ್ಯಾಂಪ್ಲರ್ ಅನ್ನೋ ಯಂತ್ರ ಹುಡುಗರ ಕೈಗೆ ಸಿಕ್ಕಿತು. ಇಂಜಿನಿಯರಿಂಗ್ ಓದಿದವನಾಗಿ ಸರಳವಾಗಿ ಹೇಳ್ತೀನಿ. ಹಳೇ ರೆಕಾರ್ಡಿನ ಒಂದು ತುಣುಕನ್ನು ಅದು ಅಂಕಿಗಳಾಗಿ ನೆನಪಿಟ್ಟುಕೊಳ್ಳುತ್ತೆ. ಗುಂಡಿ ಒತ್ತಿದಷ್ಟು ಸಲ ಅದನ್ನೇ ನುಡಿಸುತ್ತೆ. ಕತ್ತರಿಸಬಹುದು, ಜೋಡಿಸಬಹುದು, ವೇಗ ಹೆಚ್ಚಿಸಬಹುದು. ಆಗಿನ ಯಂತ್ರಗಳ ಮೆಮೊರಿ ಹತ್ತಿಪ್ಪತ್ತು ಸೆಕೆಂಡ್ ಇದ್ದರೆ ದೊಡ್ಡದು. ಬೇರೆ ವಾದ್ಯದ ಕಲಬೆರಕೆಯಿಲ್ಲದ, ಶುದ್ಧ 7 ಸೆಕೆಂಡಿನ ತಾಳ ಅಂದರೆ ಅವರಿಗೆ ಚಿನ್ನ!

1986ರಲ್ಲಿ ಡಿಜೆಗಳಿಗಾಗಿ ಬಂದ ಸಂಕಲನವೊಂದರಲ್ಲಿ ‘ಅಮೆನ್, ಬ್ರದರ್’ ಸೇರಿತು. 1988ರಲ್ಲಿ ಎನ್‌ಡಬ್ಲ್ಯುಎ ತಂಡದ ‘ಸ್ಟ್ರೇಟ್ ಔಟಾ ಕಾಂಪ್ಟನ್’ ಹಾಡಿಗೆ ಇದೇ ಡ್ರಮ್ಮು ಬೆನ್ನೆಲುಬಾಯ್ತು. 90ರ ದಶಕದಲ್ಲಿ ಇಂಗ್ಲೆಂಡಿನ ಹುಡುಗರು ಇದನ್ನೇ ಓಡಿಸಿ, ಚೂರು ಚೂರು ಮಾಡಿ, ‘ಜಂಗಲ್’ ಅನ್ನೋ ಸಂಗೀತ ಪ್ರಕಾರವನ್ನೇ ಕಟ್ಟಿದರು. 1997ರಲ್ಲಿ ಡೇವಿಡ್ ಬೋವಿ ‘ಲಿಟಲ್ ವಂಡರ್’ ಹಾಡಿನಲ್ಲಿ ಬಳಸಿದರು. ಈ ತುಣುಕಿಗೆ ‘ಅಮೆನ್ ಬ್ರೇಕ್’ ಅಂತ ಹೆಸರೇ ಬಿತ್ತು. ಸಾವಿರಾರು ಹಾಡುಗಳಲ್ಲಿ ಇದು ಇದೆ.

ಕೋಲ್ಮನ್‌ಗೆ ಸಿಕ್ಕಿದ್ದೆಷ್ಟು? ಸೊನ್ನೆ. ಹಕ್ಕುದಾರರಾಗಿದ್ದ ಸ್ಪೆನ್ಸರ್‌ಗೂ ರಾಯಲ್ಟಿ ಬರಲಿಲ್ಲ. ತಮ್ಮ ರೆಕಾರ್ಡು ಹೀಗೆ ಬಳಕೆಯಾಗ್ತಿದೆ ಅನ್ನೋದು ಅವರಿಗೆ ತಿಳಿದದ್ದೇ 1996ರಲ್ಲಿ. ಅಷ್ಟೊತ್ತಿಗೆ ಕೇಸು ಹಾಕೋ ಕಾಲ ಮಿಂಚಿತ್ತು. ಕೋಲ್ಮನ್ 2006ರಲ್ಲಿ ಅಟ್ಲಾಂಟಾದಲ್ಲಿ ತೀರಿಕೊಂಡರು. ಮನೆಯಿಲ್ಲದೆ, ಕೈಯಲ್ಲಿ ಕಾಸಿಲ್ಲದೆ.

ಇದೊಂದೇ ಅಲ್ಲ. ಜೇಮ್ಸ್ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ ಹಾಡಿನಲ್ಲಿ ಬಾರಿಸಿದ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರದ್ದೂ ಇದೇ ಪಾಡು. ಹಿಪ್‌ಹಾಪ್ ಪೂರ್ತಿ ಅವರ ತಾಳದ ಮೇಲೆ ಕುಣಿಯಿತು, ಹಾಡಿನ ಹಕ್ಕು ಅವರ ಹೆಸರಲ್ಲಿರಲಿಲ್ಲ. ಯಾಕೆ ಹೀಗೆ? ಕಾನೂನಿನ ಕಣ್ಣಿಗೆ ಹಾಡು ಅಂದರೆ ಸಾಹಿತ್ಯ ಮತ್ತು ರಾಗ. ಇನ್ನೊಂದು ಹಕ್ಕು ರೆಕಾರ್ಡಿಂಗ್‌ನ ಒಡೆಯನದ್ದು. ತಾಳ ಹಾಕಿದವನು? ಅವನು ಲೆಕ್ಕಕ್ಕೇ ಇಲ್ಲ!

ಸ್ಯಾಂಪಲ್ ಮಾಡಿದವರೆಲ್ಲ ಕಳ್ಳರು ಅಂತ ಬೈಯೋದು ಸುಲಭ. ನಾನು ಬೈಯಲ್ಲ. ಅವರಲ್ಲಿ ಬಹಳ ಜನ ಬಡ ಮನೆಯ ಮಕ್ಕಳು. ಲಾಯರ್ ಹತ್ತಿರ ಹೋಗಿ ಅನುಮತಿ ತಂದು ಆಮೇಲೆ ಹಾಡು ಮಾಡಿ ಅಂದಿದ್ದರೆ ಹಿಪ್‌ಹಾಪ್ ಹುಟ್ಟುತ್ತಲೇ ಇರಲಿಲ್ಲ. ಒಪ್ಪೋಣ. ಆದರೆ ರೆಕಾರ್ಡು ಲಕ್ಷಗಟ್ಟಲೆ ಮಾರಾಟವಾದ ಮೇಲೆ? ಆಗ ನೆನಪಾಗಬೇಕಿತ್ತಲ್ವಾ?

ಕೆಲವರಿಗೆ ನೆನಪಾಯ್ತು. 2015ರಲ್ಲಿ ಬ್ರಿಟನ್ನಿನ ಇಬ್ಬರು ಡಿಜೆಗಳು ಚಂದಾ ಎತ್ತಿ, ಸುಮಾರು 24,000 ಪೌಂಡ್ ಕೂಡಿಸಿ ಸ್ಪೆನ್ಸರ್‌ಗೆ ಕೊಟ್ಟರು. ದೊಡ್ಡ ಮನಸ್ಸು, ಕೈಮುಗಿಯೋಣ. ಆದರೆ ಅದು ಸಹಾಯ, ಸಂಬಳ ಅಲ್ಲ. ಮತ್ತೆ ಕೋಲ್ಮನ್ ಅಷ್ಟರಲ್ಲಿ ಇರಲಿಲ್ಲ.

ನಮ್ಮಲ್ಲಿ ಹೇಗಿದೆ? 2012ರಲ್ಲಿ ಸಂಸತ್ತು ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದಿತು. ರಾಜ್ಯಸಭೆಯಲ್ಲಿ ಜಾವೇದ್ ಅಖ್ತರ್ ಅದಕ್ಕಾಗಿ ಗಟ್ಟಿಯಾಗಿ ದನಿ ಎತ್ತಿದ್ದರು. ಗೀತರಚನೆಕಾರರ, ಸಂಗೀತ ನಿರ್ದೇಶಕರ ರಾಯಲ್ಟಿ ಹಕ್ಕನ್ನು ಸುಲಭವಾಗಿ ಬರೆಸಿಕೊಂಡು ಬಿಡೋ ಹಾಗಿಲ್ಲ. ಪ್ರದರ್ಶನ ಕಲಾವಿದರ ಹಕ್ಕನ್ನೂ ಆ ತಿದ್ದುಪಡಿ ಗಟ್ಟಿ ಮಾಡಿತು. ಕಾಗದದ ಮೇಲೆ ಒಳ್ಳೇದೇ.

ಈಗ ನಿಮಗೊಂದು ಪ್ರಶ್ನೆ. ನಿಮಗೆ ತುಂಬಾ ಇಷ್ಟದ ಒಂದು ಹಳೇ ಕನ್ನಡ ಹಾಡು ನೆನಪು ಮಾಡಿಕೊಳ್ಳಿ. ಹಾಡಿದ್ದು ಯಾರು? ತಕ್ಷಣ ಹೇಳ್ತೀರಿ. ಸಂಗೀತ? ಹೇಳ್ತೀರಿ. ಸಾಹಿತ್ಯ? ಸ್ವಲ್ಪ ಯೋಚಿಸಿ ಹೇಳ್ತೀರಿ. ಆ ಹಾಡಿನ ತಬಲಾ ಯಾರದ್ದು? ಪಲ್ಲವಿ ಮುಗಿದ ಮೇಲೆ ಬರೋ ಕೊಳಲು ಯಾರದ್ದು? ಆ ಕೊಳಲಿಲ್ಲದೆ ಆ ಹಾಡನ್ನು ನೀವು ಗುನುಗೋಕೂ ಆಗಲ್ಲ. ಆದರೆ ಹೆಸರು ಗೊತ್ತಿಲ್ಲ. ತಪ್ಪು ನಿಮ್ಮದಲ್ಲ. ಕ್ಯಾಸೆಟ್ಟಿನ ಮೇಲೆ ಸಾಮಾನ್ಯವಾಗಿ ಬರೀತಿರಲಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಹುಡುಕಿದರೂ ಬಹುತೇಕ ಸಿಗಲ್ಲ.

ಹಾಗಾಗಿ ಆಡಿಯೋ ಕಂಪನಿಗಳಿಗೆ, ನಿರ್ಮಾಪಕರಿಗೆ ನನ್ನದೊಂದೇ ಮನವಿ. ಕೋಟಿ ಕೊಡಿ ಅಂತಿಲ್ಲ. ಮೊದಲು ನುಡಿಸಿದವರ ಹೆಸರು ಬರೀರಿ, ಪ್ರತಿ ಹಾಡಿಗೂ ಬರೀರಿ. ಹೆಸರೇ ದಾಖಲಾಗದವನಿಗೆ ನಾಳೆ ಚೆಕ್ ಬರೆಯೋದಾದರೂ ಹೇಗೆ?