ಸಾಕು ಎಂಬ ಮಾತು

ಕನ್ನಡದಲ್ಲಿ ಬಡತನಕ್ಕೂ ಮೈ ಇಳಿಯುವುದಕ್ಕೂ ಒಂದೇ ಮಾತು ಸಲ್ಲುತ್ತದೆ. 'ಮಗು ಬಡವಾಗಿದೆ' ಎಂದು ತಾಯಿ ಹೇಳಿದರೆ ಅದರ ಮೈ ಸೊರಗಿದೆಯೆಂದು ಅರ್ಥ. ಮೈಕೈ ತುಂಬಿಕೊಂಡವನು ಸುಖಿ, ಇಳಿದವನು ದುಃಖಿ. ಬರಗಾಲಗಳನ್ನು ಕಂಡ ಜನರ ನುಡಿ ಹೀಗಲ್ಲದೆ ಮತ್ತೆ ಹೇಗಿದ್ದೀತು? ತೂಕವಿಳಿಸುವ ಶಸ್ತ್ರಚಿಕಿತ್ಸೆಯಾದ ಎರಡು ತಿಂಗಳಿಗೆ ನಾನು ಹೊಳೆನರಸೀಪುರಕ್ಕೆ ಹೋದಾಗ ನನ್ನ ಅಕ್ಕ, "ಏನೋ ಇದು, ಇಷ್ಟು ಬಡವಾಗಿಬಿಟ್ಟಿದ್ದೀಯಲ್ಲೋ!" ಎಂದು ಕಣ್ಣೀರು ತಂದುಕೊಂಡದ್ದು ಅದಕ್ಕಾಗಿಯೇ. ನಾನು ಗುಣವಾಗುತ್ತಿದ್ದೇನೆಂಬುದನ್ನು ಆಕೆಗೆ ತಿಳಿಸಲು ನನ್ನಲ್ಲಿ ಮಾತು ಇರಲಿಲ್ಲ.

ನನಗೆ ಈಗ ಅರವತ್ತಾರು ವರ್ಷ. ಆರು ತಿಂಗಳ ಹಿಂದೆ ನನ್ನ ತೂಕ 118 ಕಿಲೋ ಇತ್ತು. ಜೊತೆಗೆ ಹಳೆಯ ಸಕ್ಕರೆ ಕಾಯಿಲೆ, ರಾತ್ರಿ ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ, ಮಂಡಿನೋವು. ಹಾಸನದ ನಮ್ಮ ಮನೆಯ ಮಹಡಿಯಲ್ಲಿ ನನ್ನ ಪುಸ್ತಕಗಳಿವೆ. ಮೆಟ್ಟಿಲು ಹತ್ತಲಾರದೆ ಮೂರು ವರ್ಷಕಾಲ ಅವುಗಳನ್ನು ಮುಟ್ಟದೆ ಇದ್ದೆ. ಕೊನೆಗೆ ವೈದ್ಯರು ಸೂಚಿಸಿದ ದಾರಿಯನ್ನು ಹಿಡಿದೆ.

ಈ ಚಿಕಿತ್ಸೆಯ ವಿಷಯದಲ್ಲಿ ನಮ್ಮಲ್ಲಿ ಒಂದು ಗೊಂದಲವುಂಟು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ಬಳಿಕ ತೀರಿಕೊಂಡರು. ಆ ಸುದ್ದಿಯನ್ನು ನೆನಪಿಸಿ ನನ್ನನ್ನು ತಡೆದವರು ಅನೇಕರು. ಆದರೆ ಅದು ಬೇರೆ, ಇದು ಬೇರೆ. ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುವುದು ರೂಪಕ್ಕೆ ಸಂಬಂಧಿಸಿದ್ದು. ನನಗೆ ಮಾಡಿದುದು ಜಠರದ ಶಸ್ತ್ರಕ್ರಿಯೆ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರಗಳನ್ನು ಮಾಡಿ, ಜಠರದ ಮುಕ್ಕಾಲು ಭಾಗಕ್ಕೂ ಮಿಗಿಲಾಗಿ ಕತ್ತರಿಸಿ ತೆಗೆದು, ಉಳಿದುದನ್ನು ಅಂಗಿಯ ತೋಳಿನಂತೆ ಕೊಳವೆಯಾಗಿ ಉಳಿಸುತ್ತಾರೆ. ಇದರಲ್ಲಿಯೂ ಅಪಾಯವಿಲ್ಲದೆ ಇಲ್ಲ. ರಕ್ತಸ್ರಾವವಾಗಬಹುದು, ಹೊಲಿಗೆಯ ಸಾಲಿನಿಂದ ಸೋರಿಕೆಯಾಗಬಹುದು. ಅದನ್ನೆಲ್ಲ ಕೇಳಿ ತಿಳಿದೇ ಒಪ್ಪಬೇಕು.

ಮೊದಲ ಎರಡು ವಾರ ಕೇವಲ ದ್ರವಾಹಾರ. ಬೇಳೆಕಟ್ಟು, ಸೋಸಿದ ಸಾರು, ನೀರುಮಜ್ಜಿಗೆ. ಅದೂ ಗುಟುಕು ಗುಟುಕಾಗಿ. ದಿನವೆಲ್ಲ ಲೋಟ ಕೈಯಲ್ಲಿ ಹಿಡಿದು ಕುಳಿತರೂ ಒಂದೂವರೆ ಲೀಟರು ನೀರು ಒಳಗೆ ಸೇರುವುದು ಕಷ್ಟ. ಆಮೇಲೆ ಎರಡು ವಾರ ನುಣ್ಣಗೆ ಅರೆದುದು. ಬಳಿಕ ಮೆತ್ತಗಿನ ಆಹಾರ. ದಿನಕ್ಕೆ 60 ಗ್ರಾಮಿನಷ್ಟಾದರೂ ಪ್ರೋಟೀನು ಬೇಕು. ಇಲ್ಲವಾದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಆದುದರಿಂದ ಊಟದಲ್ಲಿ ಮೊದಲ ತುತ್ತು ಬೇಳೆಗೋ ಮೊಟ್ಟೆಗೋ ಪನೀರಿಗೋ ಸಲ್ಲಬೇಕು, ಅನ್ನಕ್ಕೆ ಕೊನೆಯ ಸ್ಥಾನ. ಉಣ್ಣುವಾಗ ನೀರು ಕುಡಿಯಕೂಡದು. ಊಟವಾಗಿ ಅರ್ಧ ಗಂಟೆ ಕಳೆಯಬೇಕು. ಬಿ12, ಕಬ್ಬಿಣ, ಸುಣ್ಣಾಂಶ, ಡಿ ಜೀವಸತ್ವ, ಇವುಗಳ ಮಾತ್ರೆಗಳು ಬಾಳಿನುದ್ದಕ್ಕೂ ತಪ್ಪುವಂತಿಲ್ಲ.

ನಮ್ಮ ಸೀಮೆಯವನಿಗೆ ಇದರಲ್ಲಿ ಒಂದು ವಿಶೇಷ ಸಂಕಟವಿದೆ. ರಾಗಿಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದು ನಾವು ಎಳವೆಯಲ್ಲಿಯೇ ಕಲಿತ ಪಾಠ. ಈಗಲಾದರೋ ಪ್ರತಿಯೊಂದು ತುತ್ತನ್ನೂ ನೀರಾಗುವವರೆಗೆ ಅಗಿಯಬೇಕೆಂಬುದು ಕಟ್ಟಪ್ಪಣೆ. ಮೊದಲ ತಿಂಗಳುಗಳಲ್ಲಿ ರಾಗಿ ನನಗೆ ತೆಳುವಾದ ಅಂಬಲಿಯಾಗಿ ಮಾತ್ರ ದೊರೆಯಿತು. ನಾಲ್ಕನೆಯ ತಿಂಗಳು ಅರಕಲಗೂಡಿನಲ್ಲಿ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಬಸ್ಸಾರಿನ ಊಟಕ್ಕೆ ಕರೆದಿದ್ದರು. ಅವನ ಹೆಂಡತಿ ನಿಂಬೆಹಣ್ಣಿನ ಗಾತ್ರದ ಮುದ್ದೆಯೊಂದನ್ನು ಬಡಿಸಿ, "ಮೇಷ್ಟ್ರೇ, ಇದು ನಿಮ್ಮ ಅಳತೆಯದು, ಇನ್ನೊಂದು ಹಾಕುತ್ತೇನೆಂದು ಕೇಳುವುದಿಲ್ಲ" ಎಂದರು. ನನಗೆ ದೊರೆತ ಉಪಚಾರಗಳಲ್ಲಿ ಇದಕ್ಕೆ ಮಿಗಿಲಾದುದಿಲ್ಲ. ಬಲವಂತಪಡಿಸಿ ಬಡಿಸುವುದೇ ಪ್ರೀತಿಯೆಂದು ತಿಳಿದ ನಾವು, ಬಡಿಸದೆಯೂ ಆದರಿಸಬಹುದೆಂಬುದನ್ನು ಕಲಿಯಬೇಕಾಗಿದೆ.

ಮೂರನೆಯ ತಿಂಗಳು ಕಠಿಣವಾದುದು. ಮೊದಲ ತಿಂಗಳಲ್ಲಿ ಒಂಬತ್ತು ಕಿಲೋ ಇಳಿದ ತೂಕ ಒಂದು ಕಡೆ ನಿಂತುಬಿಟ್ಟಿತು. ಮೂರು ವಾರ ತಕ್ಕಡಿಯ ಮುಳ್ಳು ಕದಲಲಿಲ್ಲ. ಅದೇ ಸಮಯಕ್ಕೆ ತಲೆಗೂದಲು ಉದುರತೊಡಗಿತು. ಇವೆರಡೂ ಅನೇಕರಿಗೆ ಆಗುವಂಥವೇ. ಕೂದಲು ಬಹುಮಟ್ಟಿಗೆ ಮತ್ತೆ ಬರುತ್ತದೆ, ತೂಕ ಮತ್ತೆ ಇಳಿಯುತ್ತದೆ ಎಂದು ವೈದ್ಯರು ಹೇಳಿದರು. ಬುದ್ಧಿಗೆ ತಿಳಿದುದು ಮನಸ್ಸಿಗೆ ತಿಳಿಯಬೇಕಲ್ಲ! ಬೇಸರ ಬಂದಾಗ ಕೋಡುಬಳೆಯ ಡಬ್ಬಿಯ ಕಡೆಗೆ ಹೋಗುತ್ತಿದ್ದ ಕಾಲು ಈಗ ಎಲ್ಲಿಗೆ ಹೋಗಬೇಕು? ಹೊಟ್ಟೆಯ ಹಸಿವು ಅಡಗಿದ ಮೇಲೆಯೇ ಮನಸ್ಸಿನ ಹಸಿವು ಎಷ್ಟು ದೊಡ್ಡದೆಂದು ನನಗೆ ಕಂಡುದು.

'ಬಾಯಿ ಕಟ್ಟಲಾರದೆ ಹೊಟ್ಟೆ ಕೊಯ್ಸಿಕೊಂಡ' ಎಂದು ಚನ್ನರಾಯಪಟ್ಟಣದ ಮದುವೆಯೊಂದರಲ್ಲಿ ಯಾರೋ ಆಡಿದ ಮಾತು ನನ್ನ ಕಿವಿಗೂ ಬಿತ್ತು. ಹಸಿವು ಕೇವಲ ಚಪಲವಲ್ಲ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಅದು ಮುಖ್ಯವಾಗಿ ಜಠರದಲ್ಲಿ ಹುಟ್ಟಿ ಮಿದುಳಿಗೆ ಹಸಿವಿನ ಸುದ್ದಿಯನ್ನು ಮುಟ್ಟಿಸುತ್ತದೆ. ಉಪವಾಸದಿಂದ ತೂಕ ಇಳಿಸಿದವನಲ್ಲಿ ಅದು ಹೆಚ್ಚುತ್ತದೆ. ಕಳೆದುಕೊಂಡುದನ್ನು ಮರಳಿ ಪಡೆಯಲು ದೇಹವೇ ಹವಣಿಸುತ್ತದೆ. ಈ ಚಿಕಿತ್ಸೆಯಲ್ಲಿ ತೆಗೆಯುವುದು ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಭಾಗವನ್ನು. ಹಾಗೆಂದು ಕತ್ತರಿಯೇ ಎಲ್ಲವನ್ನೂ ಮಾಡುವುದಿಲ್ಲ. ಸಿಹಿಪಾನಕ, ಐಸ್‌ಕ್ರೀಮು ಎಷ್ಟು ಕಿರಿದಾದ ಜಠರದಲ್ಲಿಯೂ ಜಾರಿಹೋಗುತ್ತವೆ. ಎಚ್ಚರ ತಪ್ಪಿದರೆ ವರ್ಷಗಳ ಮೇಲೆ ತೂಕ ಮರಳಿ ಬರುವುದುಂಟು.

ಐದನೆಯ ತಿಂಗಳು ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದೆ. ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಅಲ್ಲಿನ ಶಾಸನಗಳನ್ನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೆನಾದರೂ ಬಂಡೆಯ ಬಳಿಗೆ ಹೋಗಿ ಬಹುಕಾಲವಾಗಿತ್ತು. ಅನ್ನವನ್ನು ತಾವಾಗಿ ತ್ಯಜಿಸಿ ದೇಹ ಬಿಟ್ಟವರ ಹೆಸರುಗಳು ಅಲ್ಲಿ ಸಾಲುಸಾಲಾಗಿವೆ. ಅವರ ದಾರಿ ನನ್ನದಲ್ಲ. ನಾನು ಬಾಳಲೆಂದೇ ಕತ್ತರಿಗೆ ಒಡ್ಡಿಕೊಂಡವನು. ಆದರೆ ಜೈನರ ಆರು ಬಾಹ್ಯತಪಗಳಲ್ಲಿ ಅವಮೌದರ್ಯವೆಂಬುದೊಂದಿದೆ. ಹೊಟ್ಟೆ ತುಂಬುವ ಮೊದಲೇ ಏಳುವ ವ್ರತ. ವ್ರತಿಗೆ ಜಠರ ಹಿಗ್ಗಬಲ್ಲದು, ಸಂಕಲ್ಪವೇ ಕಟ್ಟು. ನನಗೆ ಕಟ್ಟು ಮೊದಲು ಬಿತ್ತು, ಸಂಕಲ್ಪ ಅದರ ಹಿಂದೆ ಕುಂಟುತ್ತ ಬರುತ್ತಿದೆ. ಬಂದು ಸೇರುವವರೆಗೆ ಕಾಯುವುದೇ ಈಗ ನನ್ನ ಕೆಲಸ.

ಇಂದು ನನ್ನ ತೂಕ 91 ಕಿಲೋ. ಸಕ್ಕರೆಯ ಮಾತ್ರೆಗಳನ್ನು ವೈದ್ಯರು ನಾಲ್ಕರಿಂದ ಒಂದಕ್ಕೆ ಇಳಿಸಿದ್ದಾರೆ. ಕುತ್ತಿಗೆಯ ಚರ್ಮ ಜೋತಿದೆ. ಹಳೆಯ ಜುಬ್ಬಗಳು ಗೂಟಕ್ಕೆ ಹಾಕಿದಂತೆ ತೂಗುತ್ತವೆ. ಮಹಡಿಯ ಕೋಣೆಯಲ್ಲಿ ದಿನಕ್ಕೆರಡು ಗಂಟೆ ಓದುತ್ತೇನೆ. ಈ ದಾರಿಯನ್ನು ಎಲ್ಲರೂ ಹಿಡಿಯಬೇಕೆಂದು ನಾನು ಹೇಳಲಾರೆ. ಅದನ್ನು ತೂಗಿನೋಡಿ ಹೇಳಬೇಕಾದವರು ವೈದ್ಯರು. ಹಿಡಿದವರನ್ನು ನೀವು ಕಂಡರೆ, 'ಬಡವಾಗಿದ್ದೀರಿ' ಎನ್ನಬೇಡಿ, 'ಇನ್ನೊಂದು ತುತ್ತು' ಎಂದು ಒತ್ತಾಯಿಸಲೂ ಬೇಡಿ. ಅವರು 'ಸಾಕು' ಎಂದಾಗ ಅದನ್ನು ಸಂಕೋಚದ ಮಾತೆಂದು ತಿಳಿಯದೆ ನಂಬಿರಿ. ಆ ಎರಡಕ್ಷರವನ್ನು ಕಲಿಯಲು ಅವರು ಬಹಳ ಬೆಲೆ ತೆತ್ತಿರುತ್ತಾರೆ.