ಗೋಡೆಯೊಳಗೆ ಹರಿಯುವ ಔಷಧಿ



ಮೊರಬ, ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಊರುಗಳಿಂದ ಬಂದು ಇಂದು ಎಂಜಿನಿಯರಿಂಗ್, ನರ್ಸಿಂಗ್, ಆಸ್ಪತ್ರೆ ತಂತ್ರಜ್ಞಾನಗಳಲ್ಲಿ ಪದವಿ ಪಡೆಯುತ್ತಿರುವವರು ನೀವು. ನಿಮ್ಮಲ್ಲಿ ಕೆಲವರು ನಾಳೆ ಆಸ್ಪತ್ರೆಯ ನಕ್ಷೆ ಬರೆಯುತ್ತೀರಿ, ಕೆಲವರು ಕಾಮಗಾರಿ ಮುಗಿದ ಪತ್ರಕ್ಕೆ ಸಹಿ ಹಾಕುತ್ತೀರಿ, ಇನ್ನು ಕೆಲವರು ಅದೇ ಕಟ್ಟಡದಲ್ಲಿ ರಾತ್ರಿ ಪಾಳಿ ಮಾಡುತ್ತೀರಿ. ರೋಗಿಯ ತಲೆದೆಸೆಯ ಗೋಡೆಗೆ ಆಮ್ಲಜನಕ ತಂದುಕೊಡುವ ಪೈಪ್‌ಲೈನನ್ನು ನಮ್ಮಲ್ಲಿ ಇಂದಿಗೂ ನಲ್ಲಿ, ಒಳಚರಂಡಿಗಳ ಜೊತೆಗೆ ಕಟ್ಟಡ ಕೆಲಸದ ಲೆಕ್ಕಕ್ಕೆ ಹಾಕುತ್ತಾರೆ. ಅದನ್ನು ಚಿಕಿತ್ಸೆಯ ಲೆಕ್ಕಕ್ಕೆ ಸೇರಿಸಬೇಕು ಎಂಬುದು ನನ್ನ ವಾದ. ಆಮ್ಲಜನಕ ನಮ್ಮ ದೇಶದ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಮಾತ್ರೆಯೊಂದು ಕಾರ್ಖಾನೆಯಲ್ಲಿ ಪರೀಕ್ಷೆಯಾಗಿ, ಸೀಲ್ ಆಗಿ ರೋಗಿಯ ಕೈ ಸೇರುತ್ತದೆ. ಈ ಔಷಧಿ ಮಾತ್ರ ಸಿಲಿಂಡರಿನ ಸೀಲ್ ಒಡೆದ ಮೇಲೆ, ಯಾರೋ ಬೆಸೆದ ಕೊಳವೆಯಲ್ಲಿ ಹರಿದು ಬಂದು ರೋಗಿಯನ್ನು ಮುಟ್ಟುತ್ತದೆ. ಆ ಬೆಸುಗೆ ಹಾಕಿದವನೂ ಅದನ್ನು ಒಪ್ಪಿಕೊಂಡವನೂ ಆ ಚಿಕಿತ್ಸೆಯಲ್ಲಿ ಪಾಲುದಾರರು.

2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ತೀರಿಕೊಂಡರು. ಆಮ್ಲಜನಕವಿಲ್ಲದೆ ಸತ್ತವರು ಮೂವರೇ ಎಂದು ಸರ್ಕಾರ ಮೊದಲು ಹೇಳಿತು. ಹೈಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ, ಆ ರಾತ್ರಿ ಆಸ್ಪತ್ರೆಯಲ್ಲಿ ಆಮ್ಲಜನಕವೇ ಮುಗಿದುಹೋಗಿತ್ತೆಂಬುದನ್ನು ದಾಖಲಿಸಿತು. ಸಿಲಿಂಡರುಗಳು ಮೈಸೂರಿನಿಂದ ಬರಬೇಕಿತ್ತು. ಅದು ಕೊರೊನಾ ಕಾಲ, ಇಡೀ ದೇಶಕ್ಕೇ ಕೊರತೆ ಇತ್ತು, ಇದರಲ್ಲಿ ವಿನ್ಯಾಸದ ಮಾತೇನು ಬಂತು ಎಂದು ನೀವು ಕೇಳಬಹುದು. ಕೊರತೆ ಇದ್ದದ್ದು ನಿಜ. ಆದರೆ ಅದಕ್ಕೆ ಹನ್ನೊಂದು ದಿನ ಮೊದಲು, ಏಪ್ರಿಲ್ 21ರಂದು, ನಾಸಿಕ್‌ನ ಡಾ. ಝಾಕಿರ್ ಹುಸೇನ್ ಆಸ್ಪತ್ರೆಯ ಆವರಣದಲ್ಲೇ ದ್ರವ ಆಮ್ಲಜನಕ ಇತ್ತು. ಟ್ಯಾಂಕ್ ಸೋರಿತು, ವಾರ್ಡುಗಳಲ್ಲಿ ಒತ್ತಡ ಬಿತ್ತು, 20ಕ್ಕೂ ಹೆಚ್ಚು ಜನ ಸತ್ತರು. ಒಂದು ಕಡೆ ಅನಿಲವಿರಲಿಲ್ಲ, ಇನ್ನೊಂದು ಕಡೆ ಅನಿಲವಿದ್ದೂ ಹಾಸಿಗೆ ತಲುಪಲಿಲ್ಲ. ಎರಡೂ ಕಡೆ ಮೊದಲ ಮೂಲ ಕೈಕೊಟ್ಟ ಗಳಿಗೆಯಲ್ಲಿ ತಾನಾಗಿ ಕೈಹಿಡಿಯಬೇಕಾದ ಎರಡನೆಯದು ಸಾಕಷ್ಟು ಇರಲಿಲ್ಲ. ಇದಕ್ಕಾಗಿಯೇ ಆಸ್ಪತ್ರೆಗಳ ಅನಿಲ ಪೈಪ್‌ಲೈನಿಗೆ ಸಂಬಂಧಿಸಿದ ಐಎಸ್‌ಒ 7396-1 ಮಾನದಂಡ ಆಮ್ಲಜನಕಕ್ಕೆ ಮೂರು ಪ್ರತ್ಯೇಕ ಮೂಲಗಳನ್ನು ಕೇಳುತ್ತದೆ.

ಇದರ ಲೆಕ್ಕ ಕಷ್ಟದ್ದಲ್ಲ. ಒಂದು ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅನಿಲ ಇರುತ್ತದೆ. ಇಪ್ಪತ್ತು ಹಾಸಿಗೆಯ ವಾರ್ಡಿನಲ್ಲಿ ಪ್ರತಿಯೊಬ್ಬರಿಗೂ ನಿಮಿಷಕ್ಕೆ 10 ಲೀಟರ್ ಕೊಟ್ಟರೆ ಗಂಟೆಗೆ 12,000 ಲೀಟರ್ ಬೇಕು. ಹನ್ನೆರಡು ಗಂಟೆಯ ರಾತ್ರಿಗೆ 21 ಸಿಲಿಂಡರ್. ನಿಮಿಷಕ್ಕೆ 60 ಲೀಟರ್ ಎಳೆಯುವ ಹೈ ಫ್ಲೋ ಯಂತ್ರವಾದರೆ ಒಬ್ಬನೇ ರೋಗಿ ಎರಡು ಗಂಟೆಯೊಳಗೆ ಒಂದು ಸಿಲಿಂಡರ್ ಮುಗಿಸುತ್ತಾನೆ. ಈಗ ಈ ಲೆಕ್ಕವನ್ನು ನಮ್ಮ ನೆಲಕ್ಕೆ ತನ್ನಿ. ಬೆಣ್ಣಿಹಳ್ಳ ತುಂಬಿ ಹರಿದ ದಿನ ನವಲಗುಂದ ಭಾಗದ ಎಷ್ಟು ದಾರಿಗಳು ಬಂದ್ ಆಗುತ್ತವೆ ಎಂಬುದು ನಿಮಗೆ ನಾನು ಹೇಳಬೇಕಾದ್ದಲ್ಲ. ಬೆಂಗಳೂರಿನ ಆಸ್ಪತ್ರೆಗೆ ಸಾಕಾಗುವ ಮೀಸಲು ಇಲ್ಲಿಗೆ ಸಾಲದು. ಹಳ್ಳ ಇಳಿದು ಲಾರಿ ಬರುವವರೆಗೆ ಸಾಕಾಗುವಷ್ಟನ್ನು ಇಲ್ಲಿ ಮೀಸಲಿಡಬೇಕು. ನಮ್ಮ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಈ ನೆಲದಲ್ಲಿ ಟ್ಯಾಂಕಿನ ಅಡಿಪಾಯ ಹಾಕುವವರು, ಕೊಳವೆ ಹೂಳುವವರು ಬೇರೆ ಜಿಲ್ಲೆಯ ನಕ್ಷೆಯನ್ನು ನಕಲು ಮಾಡಿದರೆ ಬೆಸುಗೆಗಳ ಮೇಲೆ ವರ್ಷವರ್ಷವೂ ಎಳೆತ ಬೀಳುತ್ತದೆ.

ಅನಿಲ ಮುಗಿಯುವುದಕ್ಕಿಂತ ಘೋರವಾದದ್ದು ತಪ್ಪು ಅನಿಲ ಬರುವುದು. 2016ರಲ್ಲಿ ಸಿಡ್ನಿಯ ಬ್ಯಾಂಕ್ಸ್‌ಟೌನ್–ಲಿಡ್‌ಕಂಬ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳಿಗೆ ಉಸಿರು ಕೊಡಲು ಆಮ್ಲಜನಕದ ಔಟ್‌ಲೆಟ್ ತೆರೆದರು. ಅದರಲ್ಲಿ ಬಂದದ್ದು ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್. ಒಂದು ಮಗು ತೀರಿಕೊಂಡಿತು, ಇನ್ನೊಂದರ ಮಿದುಳಿಗೆ ಹಾನಿಯಾಯಿತು. ಅದೇ ವರ್ಷ ಇಂದೋರಿನ ಎಂ.ವೈ. ಆಸ್ಪತ್ರೆಯ ಹೊಸ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೂ ಇದೇ ಅದಲುಬದಲು ನಡೆದು ಇಬ್ಬರು ಮಕ್ಕಳು ಸತ್ತ ಸುದ್ದಿ ಬಂತು. ಆ ಕೊಠಡಿಯೊಳಗೆ ಏನಾಗುತ್ತದೆಂದು ಸ್ವಲ್ಪ ಯೋಚಿಸಿ. ಮಗುವಿನ ಬೆರಳಿಗೆ ಹಾಕಿದ ಆಕ್ಸಿಮೀಟರ್ ಅಂಕೆ ಇಳಿಯುತ್ತದೆ. ವೈದ್ಯರು ಕಲಿತದ್ದನ್ನೇ ಮಾಡುತ್ತಾರೆ, ಆಮ್ಲಜನಕದ ನಾಬನ್ನು ಇನ್ನಷ್ಟು ತಿರುಗಿಸುತ್ತಾರೆ. ಮಗುವಿಗೆ ಇನ್ನಷ್ಟು ತಪ್ಪು ಅನಿಲ ಹೋಗುತ್ತದೆ. ಅವರ ವಿದ್ಯೆಯೇ ಅಲ್ಲಿ ಕೊಲ್ಲುತ್ತದೆ. ಅದಕ್ಕೂ ಮೊದಲೇ, ಕೊಠಡಿ ಬಳಕೆಗೆ ತೆರೆಯುವ ಮುನ್ನ, ಇನ್ನೊಬ್ಬ ಮಾಡಬೇಕಿದ್ದ ಪರೀಕ್ಷೆ ಸರಿಯಾಗಿ ಆಗಿರಲಿಲ್ಲ.

ಪ್ರತಿ ಅನಿಲಕ್ಕೂ ಬೇರೆ ಬಣ್ಣ, ಬೇರೆ ಅಳತೆಯ ಔಟ್‌ಲೆಟ್ ಇರುವಾಗ ತಪ್ಪು ಹೇಗೆ ಆದೀತು ಎಂಬುದು ಓದಿದವರೇ ಎತ್ತುವ ಆಕ್ಷೇಪ. ಆ ರಕ್ಷಣೆ ಗೋಡೆಯ ಈಚೆಗೆ ಮಾತ್ರ. ಗೋಡೆಯ ಆಚೆ, ಫಾಲ್ಸ್ ಸೀಲಿಂಗಿನ ಮೇಲೆ, ಎಲ್ಲವೂ ತಾಮ್ರದ ಕೊಳವೆಗಳೇ, ಬೆಸೆಯುವವನ ಕಣ್ಣಿಗೆ ಒಂದೇ ತರಹ ಕಾಣುತ್ತವೆ. ಅಲ್ಲಿ ಆದ ತಪ್ಪನ್ನು ಹೊರಗಿನ ಸ್ಟಿಕ್ಕರ್ ಖಾತ್ರಿಯಾಗಿ ಮುಚ್ಚಿಡುತ್ತದೆ. ಆದ್ದರಿಂದ ಒಂದು ಅನಿಲವನ್ನು ಮಾತ್ರ ಬಿಟ್ಟು, ಉಳಿದ ಎಲ್ಲ ಲೈನುಗಳ ಒತ್ತಡವನ್ನು ಸೊನ್ನೆಗೆ ಇಳಿಸಿ, ಒಂದೊಂದು ಔಟ್‌ಲೆಟ್‌ಗೂ ಅನಿಲ ಯಾವುದೆಂದು ತೋರಿಸುವ ಅನಲೈಸರ್ ಹಿಡಿದು ನೋಡಬೇಕು. ಮುಗಿದ ಮೇಲೆ ಮುಂದಿನ ಅನಿಲ, ಮತ್ತೆ ಮೊದಲಿನಿಂದ. ಒಂದೂ ಬಿಡುವಂತಿಲ್ಲ, ಯಾಕೆಂದರೆ ಬ್ಯಾಂಕ್ಸ್‌ಟೌನ್‌ನಲ್ಲಿ ಆಸ್ಪತ್ರೆಯ ಪೈಪ್‌ಲೈನೆಲ್ಲ ಕೆಟ್ಟಿರಲಿಲ್ಲ, ಒಂದು ಕೊಠಡಿಯ ಔಟ್‌ಲೆಟ್ ಕೆಟ್ಟಿತ್ತು. ಬೆಸುಗೆ ಹಾಕುವಾಗ ಕೊಳವೆಯೊಳಗೆ ನೈಟ್ರೋಜನ್ ಹಾಯಿಸದಿದ್ದರೆ ಒಳಮೈಗೆ ಕಪ್ಪು ಕಿಟ್ಟ ಕಟ್ಟಿ, ಅದೇ ಪುಡಿ ರೋಗಿಯ ಕಡೆ ಹೊರಡುತ್ತದೆ. ಔಟ್‌ಲೆಟ್ ಮುಂದೆ ಬಿಳಿ ಬಟ್ಟೆ ಹಿಡಿದು ಜೋರಾಗಿ ಅನಿಲ ಬಿಟ್ಟರೆ ಬಟ್ಟೆಯ ಮೇಲೇ ಗೊತ್ತಾಗುತ್ತದೆ. ಇನ್ನೊಂದು ಮಾತು: ಪಂಪ್‌ಸೆಟ್ಟು, ಟ್ರ್ಯಾಕ್ಟರು ನೋಡಿ ಬೆಳೆದ ಕೈಗೆ ಬಿಗಿಯಾದ ವಾಲ್ವ್ ಕಂಡರೆ ಗ್ರೀಸ್ ಹಚ್ಚುವ ರೂಢಿ ಇರುತ್ತದೆ. ಒತ್ತಡದ ಆಮ್ಲಜನಕಕ್ಕೆ ಎಣ್ಣೆ ತಾಗಿದರೆ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳಬಹುದು. ಸಿಲಿಂಡರ್ ಹೊರುವ ಕೆಲಸಗಾರನಿಗೆ ಇದನ್ನು ಮೊದಲ ದಿನವೇ ಅವನ ಮಾತಿನಲ್ಲಿ ಹೇಳಿಕೊಡಿ.

ಕೊನೆಯ ಆಕ್ಷೇಪ ದುಡ್ಡಿನದು, ಅದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ ದ್ರವ ಆಮ್ಲಜನಕದ ದೊಡ್ಡ ಟ್ಯಾಂಕ್ ಭಾರವೇ. 2021ರ ನಂತರ ಎಷ್ಟೋ ಆಸ್ಪತ್ರೆಗಳಿಗೆ ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸುವ ಪಿಎಸ್‌ಎ ಘಟಕ ಬಂದಿದೆ. ಆದರೆ ಕರೆಂಟ್ ಹೋದರೆ ಅದೂ ನಿಲ್ಲುತ್ತದೆ, ಪಕ್ಕದಲ್ಲಿ ತುಂಬಿದ ಸಿಲಿಂಡರುಗಳ ಸಾಲು ಇರಲೇಬೇಕು. ಇವಕ್ಕೆಲ್ಲ ಹಣ ಬೇಕು, ಒಪ್ಪುತ್ತೇನೆ. ಆದರೆ ಅನಲೈಸರ್ ಹಿಡಿದು ಔಟ್‌ಲೆಟ್ ಸುತ್ತುವುದಕ್ಕೆ ಬೇಕಾದದ್ದು ಒಂದೆರಡು ದಿನ. ಒತ್ತಡ ಇಳಿದಾಗ ಕೂಗುವ ಅಲಾರಂ ಅನ್ನು ರಾತ್ರಿ ಯಾರೂ ಇರದ ಸಿಲಿಂಡರುಗಳನ್ನು ಜೋಡಿಸಿದ ಮ್ಯಾನಿಫೋಲ್ಡ್ ಕೋಣೆಯಲ್ಲಿ ಬಿಡದೆ, ನರ್ಸ್ ಕೂರುವ ಮೇಜಿನೆದುರಿಗೂ ಹಾಕುವುದಕ್ಕೆ ಬೇಕಾದದ್ದು ನಕ್ಷೆಯಲ್ಲಿ ಇನ್ನೊಂದು ಗೆರೆ.

ನರ್ಸಿಂಗ್ ಪದವೀಧರರೇ, ಕೆಲಸಕ್ಕೆ ಸೇರಿದ ದಿನವೇ ನಿಮ್ಮ ವಾರ್ಡಿನ ಆಮ್ಲಜನಕ ನಿಲ್ಲಿಸುವ ವಾಲ್ವ್ ಎಲ್ಲಿದೆ, ಬೆಂಕಿ ಬಿದ್ದರೆ ಅದನ್ನು ಯಾರು ಮುಚ್ಚಬೇಕು ಎಂದು ಕೇಳಿ ತಿಳಿದುಕೊಳ್ಳಿ. ಎಂಜಿನಿಯರುಗಳೇ, ಮರುದಿನ ಉದ್ಘಾಟನೆ ಇದೆ, ಪೆಂಡಾಲ್ ಹಾಕಿಯಾಗಿದೆ, ಸಹಿ ಒಂದು ಬಾಕಿ ಎಂದು ನಿಮ್ಮೆದುರು ಕಾಗದ ಬಂದೇ ಬರುತ್ತದೆ. ಕೊಳವೆ ಹಾಕಿದವನ ಹೊರತಾದ ಇನ್ನೊಬ್ಬರು ಪ್ರತಿ ಔಟ್‌ಲೆಟ್ ನೋಡಿ ಬರೆದ ಪಟ್ಟಿಯನ್ನು ಕೇಳಿ. ಅದು ಇಲ್ಲವಾದರೆ ಕಾಗದವನ್ನು ಹಿಂದಿರುಗಿಸಿ, ಉದ್ಘಾಟನೆ ಮುಂದಿನ ವಾರ ಆಗಲಿ.