ಹಿರಿಯರು ಬರೆದ ಒಂದು ಸಾಲು



ಕಚೇರಿಯಲ್ಲಾಗಲಿ ಶಾಲೆಯಲ್ಲಾಗಲಿ ದುಡಿಯುವ ನಮಗೆಲ್ಲ ಇದು ತಿಳಿದ ಸಂಗತಿ: ತಿಂಗಳುಗಟ್ಟಲೆ ಬೆವರು ಸುರಿಸಿ ಸಿದ್ಧಪಡಿಸಿದುದರ ಮೇಲೆ ಹಿರಿಯರು ಒಂದೇ ಸಾಲು ಗೀಚಿ ಹಿಂತಿರುಗಿಸುತ್ತಾರೆ. ಆ ರಾತ್ರಿ ನಮಗೆ ಊಟ ಸೇರುವುದಿಲ್ಲ.

ಬೆಲ್ಜಿಯಂ ದೇಶದ ವಂದನೀಯ ಗುರು ಜಾರ್ಜ್ ಲೆಮೇತ್ರರು, ವಿಶ್ವವು ಹಿಗ್ಗುತ್ತಿದೆಯೆಂಬ ತಮ್ಮ ಲೇಖನವನ್ನು 1927ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬ್ರಸೆಲ್ಸಿನಲ್ಲಿ ಭೇಟಿಯಾದ ಐನ್‌ಸ್ಟೈನರು, ಗಣಿತವೇನೋ ಸರಿ, ಭೌತಶಾಸ್ತ್ರ ಮಾತ್ರ ಅಸಹ್ಯವೆಂದುಬಿಟ್ಟರು. ನಾವಾಗಿದ್ದರೆ ಆ 'ಅಸಹ್ಯ'ವೊಂದನ್ನೇ ಮನೆಗೆ ಹೊತ್ತು ತರುತ್ತಿದ್ದೆವು. ಗಣಿತ ಸರಿಯೆಂಬ ಒಪ್ಪಿಗೆಯೂ ಅದೇ ಮಾತಿನಲ್ಲಿತ್ತಲ್ಲ! ಅಂಥವರ ಬಾಯಿಂದ ಬಂದ ಒಪ್ಪಿಗೆ ಸಣ್ಣದೇ? ರಷ್ಯದ ಫ್ರೀಡ್‌ಮನ್ನರು 1922ರಲ್ಲಿಯೇ ಇದೇ ದಾರಿ ಹಿಡಿದಿದ್ದರೆಂಬ ಉಪಯುಕ್ತ ಸುದ್ದಿಯೂ ಲೆಮೇತ್ರರಿಗೆ ದೊರೆತುದು ಐನ್‌ಸ್ಟೈನರಿಂದಲೇ. ಉಳಿದುದು ಅಭಿರುಚಿಯ ಮಾತು. ಲೆಕ್ಕದ ದೋಷವನ್ನು ತೋರಿಸಿದುದಲ್ಲ. ಒಂದು ಸಾಲಿನ ಟಿಪ್ಪಣಿಯನ್ನು ಹೀಗೆ ಬಿಡಿಸಿ ಓದುವ ತಾಳ್ಮೆ ನಮ್ಮಲ್ಲಿ ಎಷ್ಟು ಜನರಿಗಿದೆ?

ನೀಹಾರಿಕೆಗಳ ವೇಗವನ್ನು ಕುರಿತು ಮಾತು ಬಂದಾಗ, ಆ ವೀಕ್ಷಣೆಗಳ ಪರಿಚಯ ಐನ್‌ಸ್ಟೈನರಿಗೆ ಅಷ್ಟಾಗಿ ಇಲ್ಲವೆಂದು ತಮಗೆ ತೋರಿತೆಂಬುದಾಗಿ ಲೆಮೇತ್ರರು ಮುಂದೆ ಸ್ಮರಿಸಿದ್ದಾರೆ. ಹಿರಿಯರ ಮಾತು ಚುಟುಕಾದಾಗಲೆಲ್ಲ ಅದರ ಹಿಂದೆ ಪೂರ್ಣ ವಿಚಾರವಿದೆಯೆಂದು ನಾವೇಕೆ ಭಾವಿಸಬೇಕು?

ಲೆಮೇತ್ರರು ಸಿಡುಕಲಿಲ್ಲ, ಲೇಖನವನ್ನು ಹರಿದು ಹಾಕಲೂ ಇಲ್ಲ. 1930ರಲ್ಲಿ ಕೇಂಬ್ರಿಜ್‌ನ ತಮ್ಮ ಹಳೆಯ ಗುರು ಎಡಿಂಗ್‌ಟನ್ನರಿಗೆ ಅದನ್ನು ಮತ್ತೆ ನೆನಪಿಸಿ ಪತ್ರ ಬರೆದರು. 1931ರಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ಆ ವರ್ಷವೇ ಐನ್‌ಸ್ಟೈನರೂ ಸ್ಥಿರವಿಶ್ವದ ಕಲ್ಪನೆಯನ್ನು ಕೈಬಿಟ್ಟರು.